ಕಟ್ಟಡದ ಜಾತಕ

ಓದುಗರಿಲ್ಲ ಎಂದು ಕೊರಗುವ ಸಾಹಿತಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರ ಪುಸ್ತಕವನ್ನು ಕರಡು ತಿದ್ದುವವನಾದರೂ ಬೈದುಕೊಂಡು ಕೊನೆಯವರೆಗೆ ಓದಿರುತ್ತಾನೆ. ಬಿಡುಗಡೆಯ ದಿನ ಮಾತಾಡಲು ಬಂದವರು ಆಟೋದಲ್ಲಿ ಕೂತು ಮುನ್ನುಡಿಯನ್ನಾದರೂ ತಿರುವಿ ಹಾಕಿರುತ್ತಾರೆ. ನಾನೂ ಹತ್ತಾರು ವರ್ಷ ಬರೆದವನೇ. ಒಂದೊಂದು ಎಂಬತ್ತು ತೊಂಬತ್ತು ಪುಟದ್ದು, ಗಟ್ಟಿ ರಟ್ಟಿನದ್ದು, ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರವಿದ್ದದ್ದು. ಪ್ರತಿಯೊಂದನ್ನೂ ಒಂದೇ ಒಂದು ಮನೆಗಾಗಿ, ಆ ಮನೆಯವರ ಜೀವ ಉಳಿಯಲಿ ಎಂದೇ ಬರೆದೆ. ಪ್ರತಿಯೊಂದಕ್ಕೂ ಪೂಜೆಯಾಯಿತು, ಮಂಗಳಾರತಿಯಾಯಿತು, ಮೇಲೆ ಮಂತ್ರಾಕ್ಷತೆ ಬಿತ್ತು. ಓದಿದವರು ಮಾತ್ರ ವರ್ಷಗಟ್ಟಲೆ ಒಬ್ಬರೂ ಇರಲಿಲ್ಲ. ಇಂಥ ಭಾಗ್ಯ ಯಾವ ಸಾಹಿತಿಗೂ ಬಂದಿಲ್ಲ, ಆದ್ದರಿಂದ ಅವರು ನನ್ನ ಮುಂದೆ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು.

ಚಾಮರಾಜಪೇಟೆಯಲ್ಲಿ ಒಂದು ಸೌದೆ ಡಿಪೋದ ಮಹಡಿಯ ಮೇಲೆ ನಮ್ಮ ಕಚೇರಿ. ಯಜಮಾನರಾದ ಗೋವಿಂದಪ್ಪನವರು ಕಟ್ಟಡದ ಕಂಟ್ರಾಕ್ಟರು. ನಾನು ಅವರ ಗುಮಾಸ್ತ. ಹೆಸರು ಪಾಂಡುರಂಗ, ಅವರ ಬಾಯಲ್ಲಿ ಬರೀ ಪಾಂಡು. ತೊಂಬತ್ತರ ದಶಕದ ಆರಂಭದಲ್ಲಿ ಶೇಷಾದ್ರಿಪುರಂನಲ್ಲಿ ಒಂದು ಬ್ಯಾಂಕಿನ ಶಾಖೆಗೆ ನಾವು ಕಟ್ಟಡ ಕಟ್ಟಿದೆವು. ಮುಗಿಸಿ ಬೀಗದ ಕೈ ಕೊಡಲು ಹೋದರೆ, ಬೇರೆ ಊರಿನಿಂದ ಬಂದಿದ್ದ ಅವರ ಎಂಜಿನಿಯರು ಕೈ ಚಾಚಲೇ ಇಲ್ಲ. ಹಸ್ತಾಂತರದ ಕಡತ ಎಲ್ಲಿ, ಸುರಕ್ಷತೆಯ ಕಡತ ಎಲ್ಲಿ ಎಂದು ಕೇಳಿದರು. ಯಾವ ಗೋಡೆಯೊಳಗೆ ಯಾವ ಪೈಪು ಹೋಗಿದೆ, ಮೈನ್ ಸ್ವಿಚ್ಚು ಎಲ್ಲಿದೆ, ಬೆಂಕಿ ಬಿದ್ದರೆ ಯಾವ ಬಾಗಿಲು, ನೀರು ನಿಲ್ಲಿಸಬೇಕಾದರೆ ಯಾವ ವಾಲ್ವು, ಎಲ್ಲವೂ ಬರವಣಿಗೆಯಲ್ಲಿ ಬೇಕಂತೆ. ಗೋವಿಂದಪ್ಪನವರು ನನ್ನ ಮುಖ ನೋಡಿದರು, ನಾನು ಗೋಡೆಯ ಮುಖ ನೋಡಿದೆ. ಕೊನೆಗೆ ಒಂದು ತಿಂಗಳು ಒದ್ದಾಡಿ ನಾನೇ ಬರೆದು ರಟ್ಟು ಹಾಕಿಸಿ ಒಯ್ದೆ. ಆ ಎಂಜಿನಿಯರು ಎದ್ದು ನಿಂತು ನಮ್ಮ ಯಜಮಾನರ ಕೈ ಕುಲುಕಿದರು. ಅಷ್ಟು ವರ್ಷ ಕಟ್ಟಡ ಕಟ್ಟಿದ್ದಕ್ಕೆ ಯಾರೂ ಎದ್ದು ನಿಂತಿರಲಿಲ್ಲ. ಅಂದಿನಿಂದ ಯಜಮಾನರಿಗೆ ಕಡತದ ಹುಚ್ಚು ಹಿಡಿಯಿತು. ಎರಡು ಕೋಣೆಯ ಮನೆ ಕಟ್ಟಿಕೊಟ್ಟರೂ ಕಡತ ಇರಲೇಬೇಕು. ಅದಕ್ಕೆ ಅವರೇ ಹೆಸರಿಟ್ಟರು: ಕಟ್ಟಡದ ಜಾತಕ.

ಈ ಜಾತಕ ಬರೆಯುವುದು ಸುಲಭದ ಕೆಲಸ ಎಂದು ಯಾರೂ ತಿಳಿಯಬಾರದು. ಪ್ಲಂಬರನನ್ನು ಪೈಪು ಎಲ್ಲಿ ಹೋಗಿದೆಯಪ್ಪಾ ಎಂದು ಕೇಳಿದರೆ, "ಒಳಗಡೆ ಹೋಗಿದೆ ಸಾರ್" ಎನ್ನುತ್ತಾನೆ. ವೈರಿನವನನ್ನು ಕೇಳಿದರೆ ಕೈಯನ್ನು ಗಾಳಿಯಲ್ಲಿ ಒಮ್ಮೆ ಸುತ್ತಿಸಿ, "ಹಿಂಗ್ ಬಂದು ಹಂಗ್ ಹೋಗಿದೆ" ಎನ್ನುತ್ತಾನೆ. ಆ ಸುತ್ತಿಗೆ ಅರ್ಥ ಹುಡುಕಿ ನಕ್ಷೆಯಲ್ಲಿ ಗೆರೆ ಎಳೆಯುವವನು ನಾನು. ಗಾರೆಯವರು ಗೋಡೆ ಮುಚ್ಚುವ ಮೊದಲು ಟೇಪು ಹಿಡಿದು ಓಡಬೇಕು, ಅವರು ಕಾಯುವ ಜಾತಿಯಲ್ಲ. ನನ್ನ ಒಂದು ಅಂಗಿಯ ಬೆನ್ನಿನ ಮೇಲೆ ಇಂದಿಗೂ ಬಸವನಗುಡಿಯ ಒಂದು ಮನೆಯ ಗಾರೆ ಇದೆ. ಮೇಲಾಗಿ ನಾನು ಕಡತವನ್ನು ಕನ್ನಡದಲ್ಲಿ ಬರೆಯುತ್ತಿದ್ದೆ, ಮನೆಯವರಿಗೆ ಅರ್ಥವಾಗಲಿ ಎಂದು. ನೆಲದಡಿಯ ನೀರಿನ ಸಂಪಿನ ಮುಚ್ಚಳ ತೆಗೆದ ಕೂಡಲೇ ಆಳನ್ನು ಇಳಿಸಬೇಡಿ, ಒಳಗೆ ಕೆಟ್ಟ ಗಾಳಿ ಇರುತ್ತದೆ ಎಂದು ಬರೆಯುವಾಗ ನನಗೆ ನಿಜವಾಗಿಯೂ ಗಂಟಲು ಕಟ್ಟುತ್ತಿತ್ತು. ಒಬ್ಬ ಅಪರಿಚಿತನ ಪ್ರಾಣ ಉಳಿಸುತ್ತಿದ್ದೇನೆ ಎಂದು ಹೆಮ್ಮೆಪಡುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಗಂಟಲಿನ ಬಗ್ಗೆ ನನಗೇ ಕನಿಕರವಾಗುತ್ತದೆ.

ಏಕೆಂದರೆ ನಮ್ಮಲ್ಲಿ ಮನೆ ಹಸ್ತಾಂತರವಾಗುವುದು ಎಂಜಿನಿಯರರ ಸಹಿಯಿಂದಲ್ಲ, ಪುರೋಹಿತರ ಪಂಚಾಂಗದಿಂದ. ಮುಹೂರ್ತ ಬೆಳಗಿನ ಜಾವಕ್ಕೆ ಎಂದರೆ ಬೆಳಗಿನ ಜಾವಕ್ಕೇ. ಬಚ್ಚಲಿಗೆ ಬಾಗಿಲಿಲ್ಲದಿದ್ದರೆ ಪರದೆ ಕಟ್ಟುತ್ತಾರೆ. ಹಸು ಒಳಗೆ ಬರುತ್ತದೆ, ಹಾಲು ಉಕ್ಕುತ್ತದೆ, ಆಮೇಲೆ ನಮ್ಮ ಯಜಮಾನರು ಜರಿ ಪಂಚೆ ಉಟ್ಟು ಹಿತ್ತಾಳೆಯ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬೀಗದ ಕೈ ಮತ್ತು ನನ್ನ ಕಡತ ಇಟ್ಟು ಮನೆಯ ಒಡೆಯರಿಗೆ ಕೊಡುತ್ತಾರೆ. "ನಾವು ಬರೀ ಮನೆ ಕೊಡಲ್ಲ, ಜಾತಕ ಸಮೇತ ಕೊಡ್ತೀವಿ" ಎನ್ನುತ್ತಾರೆ. ಜಾತಕ ಎಂದ ಮೇಲೆ ಕೇಳಬೇಕೆ? ಮನೆಯ ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ನೇರವಾಗಿ ದೇವರ ಕೋಣೆಗೆ ಒಯ್ಯುತ್ತಾರೆ. ಅಲ್ಲಿಗೆ ಅದರ ಕಥೆ ಮುಗಿಯಿತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೊರಗೆ ಬಂದು ಇನ್ನೊಂದು ಬೊಟ್ಟು ಇಡಿಸಿಕೊಂಡು ಒಳಗೆ ಹೋಗುತ್ತದೆ. ವಿಶ್ವೇಶ್ವರಪುರಂನಲ್ಲಿ ಅಣ್ಣ ತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಕಡತವನ್ನೂ ಬೆನ್ನಿನ ಗುಂಟ ಕೊಯ್ದು ಪಾಲು ಮಾಡಿಕೊಂಡರು. ಮಹಡಿಯಲ್ಲಿರುವ ಅಣ್ಣನ ಬಳಿ ಈಗ ಕೆಳಗಿನ ಮನೆಯ ಪೈಪುಗಳಿವೆ, ಕೆಳಗಿರುವ ತಮ್ಮನ ಬಳಿ ಮೇಲಿನ ಮನೆಯ ವೈರುಗಳಿವೆ, ಇಬ್ಬರಿಗೂ ಮಾತಿಲ್ಲ. ಮಲ್ಲೇಶ್ವರದ ಒಬ್ಬರು ಮಾತ್ರ ನನ್ನ ಕಡತವನ್ನು ದಿನವೂ ಬಳಸುತ್ತಾರೆ ಎಂದು ತಿಳಿದು ಸಂತೋಷದಿಂದ ನೋಡಲು ಹೋದೆ. ಅದನ್ನು ವೆಟ್ ಗ್ರೈಂಡರಿನ ಕುಂಟುಕಾಲಿಗೆ ಕೊಟ್ಟಿದ್ದರು. ಇದ್ದುದರಲ್ಲಿ ಅವರೇ ವಾಸಿ.

ಹೊಟ್ಟೆಕಿಚ್ಚಿಗೆ ಒಂದು ವರ್ಷ ನಾನು ಒಂದು ಪರೀಕ್ಷೆ ಇಟ್ಟೆ. ಸಂಪಿನ ಸ್ವಚ್ಛತೆಯ ಅಧ್ಯಾಯದ ನಡುವೆ, ಮಿಕ್ಕ ಅಕ್ಷರದಷ್ಟೇ ದಪ್ಪದ ಅಕ್ಷರದಲ್ಲಿ, ಒಂದು ಸಾಲು ಸೇರಿಸಿದೆ: "ಈ ಸಾಲನ್ನು ಓದಿದವರು ನಮ್ಮ ಕಚೇರಿಗೆ ದೂರವಾಣಿ ಮೂಲಕ ತಿಳಿಸತಕ್ಕದ್ದು. ಅಂಥವರಿಗೆ ಒಂದು ಮಸಾಲೆ ದೋಸೆ ಹಾಗೂ ಒಂದು ಕಾಫಿ ಕೊಡಿಸಲಾಗುವುದು." ಆಮೇಲೆ ಬರೆದ ಪ್ರತಿ ಕಡತದಲ್ಲೂ ಈ ಸಾಲು ಇತ್ತು. ಫೋನು ಹೊಡೆದುಕೊಂಡಾಗಲೆಲ್ಲ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಸಿಮೆಂಟಿನವರು ಮಾಡಿದರು, ಜಲ್ಲಿಯವರು ಮಾಡಿದರು, ರಾಂಗ್ ನಂಬರಿನವರು ಮಾಡಿದರು, ದೋಸೆಯವರು ಯಾರೂ ಮಾಡಲಿಲ್ಲ. ಹನುಮಂತನಗರದ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಸಂಜೆ ಇದನ್ನು ನನ್ನ ಹೆಂಡತಿ ಸುಮಿತ್ರಳ ಹತ್ತಿರ ಹೇಳಿಕೊಂಡೆ. ಸಮಾಧಾನದ ಮಾತೊಂದು ಬರಬಹುದು ಎಂಬ ಆಸೆ ನನಗಿತ್ತು. ಅವಳು ಸೊಪ್ಪು ಬಿಡಿಸುತ್ತಾ, "ದೋಸೆ ಆಸೆಗೂ ಜನ ಓದಲಿಲ್ಲ ಅಂದ್ರೆ ನೀವು ಹೇಗ್ ಬರ್ದಿರ್ಬೇಕು, ಅದನ್ನ ಯೋಚ್ನೆ ಮಾಡಿ" ಎಂದಳು. ಮದುವೆಯಾದ ಹೊಸತರಲ್ಲಿ ಇವಳಿಗೆ ನಾನು ಬರೆದ ಕಾಗದಗಳ ಗತಿ ಏನಾಗಿತ್ತು ಎಂದು ಕೇಳಬೇಕೆನಿಸಿತು. ಉತ್ತರ ಗೊತ್ತಿದ್ದರಿಂದ ಕೇಳಲಿಲ್ಲ.

ಹೀಗಿರುವಾಗ ಎರಡು ಸಾವಿರದ ಇಸವಿ ಬಂತು, ಎಲ್ಲರ ಮನೆಗೂ ಕಂಪ್ಯೂಟರು ಬಂತು, ನಮ್ಮ ಯಜಮಾನರ ತಲೆಗೂ ಬಂತು. ಒಂದು ದಿನ ನನ್ನನ್ನು ಕರೆದು ಕೂರಿಸಿದರು. ಅವರು ಕೂರಿಸಿದರೆ ಅನುಮಾನಪಡಬೇಕು, ಒಳ್ಳೆಯ ಸುದ್ದಿಯನ್ನು ಅವರು ನಿಲ್ಲಿಸಿಕೊಂಡೇ ಹೇಳುವುದು. "ರೀ ಪಾಂಡು, ಈ ಫೈಲು ಗೀಲು ಎಲ್ಲಾ ಸಾಕು ಅನ್ಸುತ್ತೆ. ಒಂದು ಫ್ಲಾಪಿ ಕೊಟ್ಬಿಡೋಣ. ನಮ್ಮಕ್ಕನ ಮಗ ಮಾಡ್ಕೊಡ್ತಾನೆ. ನೀವು ಕೆಂಗೇರಿ ಹತ್ರ ಸಿಮೆಂಟ್ ಗೋಡೌನ್ ನೋಡ್ಕೊಳಿ, ಆರಾಮಾಗಿರುತ್ತೆ" ಎಂದರು. ನನಗೆ ಧೂಳೆಂದರೆ ಉಬ್ಬಸ. ಮನೆಯಲ್ಲಿ ಹಾಸಿಗೆ ಕೊಡವಿದರೂ ಬೀದಿಗೆ ಓಡುವವನು ನಾನು, ಸಿಮೆಂಟಿನ ಗೋದಾಮಿನಲ್ಲಿ ಎಷ್ಟು ಕಾಲ ಬಾಳಿಯೇನು? ಇದನ್ನು ಅವರಿಗೆ ಹೇಳಿದೆ. ಕಡತ ಜನರ ಪ್ರಾಣದ ವಿಷಯ ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು, "ಪ್ರಾಣ ಗೀಣ ಬಿಡ್ರಿ. ಇಷ್ಟ್ ವರ್ಷದಲ್ಲಿ ಯಾರಾದ್ರೂ ಒಬ್ರು ಓದಿದಾರಾ? ಒಬ್ರನ್ನ ತೋರ್ಸಿ, ಸಾಕು. ಕಡತ ಮುಂದುವರ್ಸೋಣ, ನೀವೂ ಇಲ್ಲೇ ಇರಿ. ದಸರಾವರೆಗೂ ಟೈಮ್ ತಗೊಳಿ" ಎಂದರು. ಒಬ್ಬ ಓದುಗ. ಊರೆಲ್ಲ ಹುಡುಕಿ ಒಬ್ಬನೇ ಒಬ್ಬ ಓದುಗನನ್ನು ಹಿಡಿದು ತರದಿದ್ದರೆ ನಾನು ಸಿಮೆಂಟು ಉಸಿರಾಡುತ್ತಾ ಸಾಯಬೇಕು. ಸಾಹಿತಿಗಳು ಕೊರಗುತ್ತಾರಂತೆ.

ಹಳೆಯ ಗಿರಾಕಿಗಳ ಮನೆಗೆಲ್ಲ ಫೋನು ಮಾಡಿ, "ಕಡತ ನೋಡಿದ್ರಾ" ಎಂದು ಕೇಳಿದೆ. ಎಲ್ಲರೂ ಬಹಳ ಮರ್ಯಾದೆಯಿಂದ, "ಭದ್ರವಾಗಿದೆ ಸಾರ್, ದಿನಾ ಊದ್ಬತ್ತಿ ಹಚ್ತೀವಿ" ಎಂದರು. ದಸರಾ ಹತ್ತಿರ ಬಂತು. ನಾನು ಸುಮಿತ್ರಳಿಂದ ಮೂಗಿಗೆ ಕಟ್ಟಿಕೊಳ್ಳಲು ಎರಡು ಬಟ್ಟೆ ಹೊಲಿಸಿಕೊಂಡೆ. ಆಗ ಒಂದು ಬೆಳಗ್ಗೆ, ನಾನು ಕಚೇರಿಯ ಬಾಗಿಲು ತೆರೆಯುವಾಗಲೇ ಫೋನು ಹೊಡೆದುಕೊಳ್ಳುತ್ತಿತ್ತು. ನಮ್ಮ ಕಚೇರಿಯಿಂದ ಮೂರು ರಸ್ತೆ ಆಚೆ ಇರುವ ಮಂಡಿ ನಂಜುಂಡಪ್ಪನವರು ಮಾತಾಡುತ್ತಿದ್ದರು. ಅವರದು ತಲೆಮಾರಿನಿಂದ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಹಳೆಯ ಹೆಂಚಿನ ಮನೆ ಕೆಡವಿ ನಮ್ಮ ಕೈಯಿಂದಲೇ ಮೂರು ಅಂತಸ್ತು ಕಟ್ಟಿಸಿದ್ದರು. ಅವರ ಗೃಹಪ್ರವೇಶದ ಒಬ್ಬಟ್ಟು ನನಗೆ ಚೆನ್ನಾಗಿ ನೆನಪಿತ್ತು, ನಿಂತುಕೊಂಡೇ ನಾಲ್ಕು ತಿಂದಿದ್ದೆ. "ಪಾಂಡುರಂಗಯ್ಯನೋರೇ, ಗೋಡೆ ಒಡ್ದು ನೀರು ಬರ್ತಿದೆ. ವಾಲ್ವ್ ಎಲ್ಲಿದೆ ಗೊತ್ತಾಗ್ತಿಲ್ಲ. ನೀವು ಏನೋ ಬರ್ದಿದ್ರಂತಲ್ಲ, ಬೇಗ ಬನ್ನಿ" ಎಂದರು. ನನ್ನ ಬರವಣಿಗೆ ಒಬ್ಬರಿಗೆ ಬೇಕಾಗಿದೆ ಎಂದು ಕೇಳಿದ ಮೊದಲ ದಿನ ಅದು. ಅವರ ಮನೆ ಮುಳುಗುತ್ತಿದೆ ಎಂದು ನನಗೆ ಆಗ ಸಂತೋಷವಾಯಿತು ಎಂದರೆ ನೀವು ನನ್ನನ್ನು ಕೆಟ್ಟವನೆಂದುಕೊಳ್ಳಬಹುದು. ಅಂದುಕೊಳ್ಳಿ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

ಆದದ್ದಿಷ್ಟು. ಮಾಗಡಿ ಕಡೆಯ ಹಳ್ಳಿಯಲ್ಲಿ ನಂಜುಂಡಪ್ಪನವರ ಚಿಕ್ಕಪ್ಪ ತೀರಿಕೊಂಡಿದ್ದರು. ಹನ್ನೊಂದನೆಯ ದಿನದ ತಿಥಿಗೆ ಫೋಟೊ ತೂಗುಹಾಕಬೇಕೆಂದು ನಂಜುಂಡಪ್ಪನವರು ಪಕ್ಕದ ಮನೆಯಿಂದ ಡ್ರಿಲ್ಲಿಂಗ್ ಮೆಷೀನು ತಂದು ನಡುಮನೆಯ ಗೋಡೆಗೆ ತೂತು ಕೊರೆದಿದ್ದರು. ಕೊರೆದದ್ದು ಸರಿಯಾಗಿ ಕಾವೇರಿ ನೀರಿನ ಪೈಪಿನ ಮೇಲೆ. ಈ ಗೋಡೆಗೆ ಮೊಳೆ ಹೊಡೆಯಕೂಡದು ಎಂದು ನಾನು ಕೆಂಪು ಗೆರೆ ಎಳೆದು ಬರೆದಿದ್ದೆ. ಅಂದು ಬೀದಿಗೆ ನೀರು ಬಿಡುವ ದಿನ, ಒತ್ತಡ ಚೆನ್ನಾಗಿತ್ತು. ತೀರಿಕೊಂಡವರಿಗೆ ಗಂಗೋದಕದ ಕೊರತೆಯೇ ಆಗದಷ್ಟು ನೀರು ನಡುಮನೆ ತುಂಬಿ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಕಡೆಗೆ ಹರಿಯುತ್ತಿತ್ತು. ಪುಣ್ಯಕ್ಕೆ ಕರೆಂಟು ಹೋಗಿತ್ತು. ನಮ್ಮೂರಿನಲ್ಲಿ ನಂಬಬಹುದಾದ ಸುರಕ್ಷತಾ ವ್ಯವಸ್ಥೆ ಅದೊಂದೇ. ಆದರೆ ಯಾವ ಗಳಿಗೆಯಲ್ಲಿ ಬರುತ್ತದೋ ಹೇಳುವವರು ಯಾರು?

"ಕಡತ ತನ್ನಿ" ಎಂದೆ, ಸೇನಾಪತಿಯ ಗತ್ತಿನಲ್ಲಿ. ಯಾರೂ ಅಲುಗಾಡಲಿಲ್ಲ. ಕಡತ ದೇವರ ಕೋಣೆಯಲ್ಲಿತ್ತು, ಮನೆಗೆ ಸೂತಕವಿತ್ತು, ದೇವರ ಕೋಣೆಯ ಬೀಗದ ಕೈ ನಂಜುಂಡಪ್ಪನವರ ತಾಯಿ ಮುನಿತಾಯಮ್ಮನವರ ಸೊಂಟದಲ್ಲಿತ್ತು. ಸೂತಕದವರು ಯಾರೂ ಒಳಗೆ ಕಾಲಿಡುವಂತಿಲ್ಲ. "ನಾನು ಹೊರಗಿನವನಲ್ಲವೇ, ನಾನು ತರುತ್ತೇನೆ" ಎಂದೆ. ಮುನಿತಾಯಮ್ಮನವರು ಮಂಚದ ಮೇಲೆ ಕಾಲು ಮೇಲೆತ್ತಿ ಕೂತು ಎಲ್ಲವನ್ನೂ ನೋಡುತ್ತಿದ್ದರು. "ನಮ್ಮ ನಂಜ ನಿನ್ ಕೈ ಹಿಡ್ಕೊಂಡು ಒಳಕ್ಕೆ ಎಳ್ಕೊಂಡ್ ಬಂದ್ನಲ್ಲಪ್ಪ, ನಿಂಗೂ ಮೈಲಿಗೆ ಆಯ್ತು. ಸ್ನಾನ ಮಾಡ್ಕೊಂಡು ಹೋಗು" ಎಂದರು. ಅಮ್ಮಾ, ಕರೆಂಟು ಬಂದರೆ ಎಲ್ಲರೂ ಒಟ್ಟಿಗೆ ಹೋಗುತ್ತೇವೆ ಎಂದು ಬೇಡಿಕೊಂಡೆ. ಅವರು, "ಹರಿಯೋ ನೀರು ತಾನೇ, ಅದ್ರಲ್ಲೇ ಮಾಡ್ಕೊ. ದೋಷ ಇಲ್ಲ" ಎಂದು ರಿಯಾಯಿತಿ ಕೊಟ್ಟರು. ನೀರು ನಿಲ್ಲಿಸುವ ವಾಲ್ವು ಎಲ್ಲಿದೆಯೆಂದು ತಿಳಿಯಲು ಕಡತ ಬೇಕು, ಕಡತ ಮುಟ್ಟಲು ಆ ನೀರಿನಲ್ಲೇ ಮೀಯಬೇಕು. ಗೋಡೆಯಿಂದ ಚಿಮ್ಮುತ್ತಿದ್ದ ನೀರಿಗೆ ನಾನು ತಲೆಯೊಡ್ಡಿದೆ. ಅದೇ ನೀರಿನಲ್ಲಿ ನೆನೆಸಿ ಹಿಂಡಿದ ನಂಜುಂಡಪ್ಪನವರ ಪಂಚೆ ಉಟ್ಟು, ಜುಟ್ಟಿಲ್ಲದ ಒದ್ದೆ ತಲೆಯಲ್ಲಿ, ನನ್ನದೇ ಪುಸ್ತಕ ತರಲು ದೇವರ ಕೋಣೆಗೆ ಹೋದೆ.

ನೀವು ಕೇಳಬಹುದು, ಬರೆದವನು ನೀನೇ, ವಾಲ್ವು ಎಲ್ಲಿದೆಯೆಂದು ನಿನಗೆ ನೆನಪಿರಲಿಲ್ಲವೇ ಎಂದು. ನಂಜುಂಡಪ್ಪನವರೂ ಕೇಳಿದರು. ಬರೆದಿಟ್ಟಿದ್ದೇನಲ್ಲ ಎಂಬ ಧೈರ್ಯದ ಮೇಲೆ ನಾನು ಮರೆತಿದ್ದೆ. ನೆನಪಿಟ್ಟುಕೊಳ್ಳುವುದಾದರೆ ಬರೆಯುವುದೇಕೆ? ಈ ತರ್ಕವನ್ನು ನಾನು ಅವರಿಗೆ ವಿವರಿಸಲು ಹೊರಟೆ, ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕಡತವೋ, ಎಣ್ಣೆ ಕುಂಕುಮ ಕುಡಿದು ಹಲಗೆಯಂತಾಗಿತ್ತು. ವಾಲ್ವಿನ ಅಧ್ಯಾಯದಲ್ಲಿ ಕರ್ಪೂರದ ಬಿಲ್ಲೆಯೊಂದು ಕೂತಿತ್ತು. ಹಾಳೆಗಳನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಕೊನೆಗೆ ಗಟ್ಟಿಯಾಗಿ ಓದಿದೆ: "ಮುಖ್ಯ ವಾಲ್ವು ಕಾಂಪೌಂಡಿನ ಈಶಾನ್ಯ ಮೂಲೆಯಲ್ಲಿ, ಕಡಪಾ ಕಲ್ಲಿನ ಮುಚ್ಚಳದ ಕೆಳಗೆ ಇರುತ್ತದೆ." ಇಡೀ ಮನೆಯವರು ಈಶಾನ್ಯಕ್ಕೆ ತಿರುಗಿದರು. ಅಲ್ಲಿ ಎದೆಯೆತ್ತರದ ತುಳಸಿಕಟ್ಟೆ ನಿಂತಿತ್ತು. ಇಟ್ಟಿಗೆ, ಸಿಮೆಂಟು, ಮೇಲೆ ಬಿಳಿ ಟೈಲ್ಸು, ನಾಲ್ಕು ಕಡೆಯೂ ದೀಪದ ಗೂಡು. ಸೂತಕದಲ್ಲಿ ತುಳಸಿಯನ್ನು ಮುಟ್ಟುವಂತಿಲ್ಲ. ಮಿಂದು ಮಡಿಯಾಗಿದ್ದ ನಾನು ಮುಟ್ಟಬಹುದಿತ್ತು, ಆದರೆ ಮುಟ್ಟಿದರೆ ಸರಿಯುವ ಕಟ್ಟೆ ಅದಲ್ಲ. ಹಾರೆ ತರುವುದೋ ಬೇಡವೋ ಎಂದು ನಾವು ವಾದ ಮಾಡುತ್ತಿರುವಾಗಲೇ ನೀರು ಸಣ್ಣಗಾಗಿ, ತೊಟ್ಟಿಕ್ಕಿ, ನಿಂತುಹೋಯಿತು. ನೀರು ಬಿಡುವವನು ತನ್ನ ಹೊತ್ತಿಗೆ ಬಂದು ಬೀದಿಯ ವಾಲ್ವು ತಿರುಗಿಸಿಕೊಂಡು ಹೋಗಿದ್ದ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಮೀಟರ್ ಬೋರ್ಡು ಚಟಪಟ ಎಂದು ಕಪ್ಪಗಾಯಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಕಡತದಿಂದಲೂ ಏನೂ ಆಗಲಿಲ್ಲ.

ಒದ್ದೆ ಪಂಚೆಯಲ್ಲೇ ಕಚೇರಿಗೆ ಬಂದು ಕೂತೆ. ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗೋದಾಮಿನ ಬೀಗದ ಕೈಗೊಂಚಲನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಎಂಥ ದೊಡ್ಡ ಮನುಷ್ಯ. ನನಗೆ ಅಂದು ಎಲ್ಲರ ಮೇಲೂ ಸಿಟ್ಟು ಬಂತು: ಪಂಚಾಂಗದ ಮೇಲೆ, ಕುಂಕುಮದ ಮೇಲೆ, ಗುರುತಿಲ್ಲದ ಆ ಚಿಕ್ಕಪ್ಪನ ಮೇಲೆ ಕೂಡ. ಸಾಯುವವರು ಒಂದು ವಾರ ತಡೆದು ಸಾಯಬಾರದಿತ್ತೇ ಎನಿಸಿತು. ಬೇಕಾದಾಗ ಒಬ್ಬರು ಕರೆದರು, ಹೋದೆ, ಓದಿದೆ, ಅದೂ ದಂಡವಾಯಿತು. ಓದಿದವನು ನಾನೇ ಆದ್ದರಿಂದ ಲೆಕ್ಕಕ್ಕೂ ಬರುವಂತಿರಲಿಲ್ಲ.

ನಾಲ್ಕಾರು ದಿನ ಕಳೆದ ಮೇಲೆ ಕಚೇರಿಗೆ ಫೋನು ಬಂತು. ಯಜಮಾನರೇ ಎತ್ತಿದರು. ಕೇಳುತ್ತಾ ಕೇಳುತ್ತಾ ಅವರ ಹುಬ್ಬು ಹಣೆ ದಾಟಿತು. "ದೋಸೆನಾ? ಯಾವ್ ದೋಸೆ ಅಮ್ಮಾ? ನಮ್ದು ಕಂಟ್ರಾಕ್ಟರ್ ಆಫೀಸು" ಎಂದರು. ಆಮೇಲೆ ರಿಸೀವರನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದರು. "ರೀ ಪಾಂಡು, ನಂಜುಂಡಪ್ಪನ ತಾಯಿ. ಫೈಲಲ್ಲಿ ಮಸಾಲೆ ದೋಸೆ ಕೊಡಿಸ್ತೀವಿ ಅಂತ ಬರ್ದಿದೀರಾ?" ನಾನು ಎದ್ದು ನಿಂತೆ. ವಿಷಯವೇನೆಂದರೆ, ನನ್ನ ಕಡತ ಒಮ್ಮೆ ಹೊರಗೆ ಬಂದು ಸೂತಕದವರ ಕೈ ಸೋಕಿದ್ದರಿಂದ ಶುದ್ಧಿಯಾಗುವವರೆಗೆ ದೇವರ ಕೋಣೆಗೆ ಮರಳುವಂತಿರಲಿಲ್ಲ. ಬಿಸಿಲಿನಲ್ಲಿ ಒಣಗಲಿ ಎಂದು ಜಗಲಿಯ ಮೇಲೆ ಹಾಕಿದ್ದರು. ಮುನಿತಾಯಮ್ಮನವರಿಗೆ ಪೂಜೆಯಿಲ್ಲ, ಕರೆಂಟಿಲ್ಲದ್ದರಿಂದ ಟೀವಿಯಿಲ್ಲ, ಸೂತಕದ ಮನೆಗೆ ಹರಟೆಗೆ ಬರುವವರೂ ಇಲ್ಲ. ಬೇರೇನೂ ದಾರಿ ಕಾಣದೆ ಅವರು ಓದಿದ್ದರು. ಒಬ್ಬ ಮನುಷ್ಯ ನನ್ನ ಪುಸ್ತಕ ಓದಬೇಕಾದರೆ ಸಾವು, ಪ್ರವಾಹ ಮತ್ತು ಕತ್ತಲೆ ಮೂರೂ ಒಟ್ಟಿಗೆ ಕೂಡಿಬರಬೇಕಾಯಿತು.

ಯಜಮಾನರು ಫೋನು ಇಟ್ಟು ಬಹಳ ಹೊತ್ತು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕನ್ನಡಕ ಒರೆಸಿಕೊಂಡು ನಕ್ಕರು. "ಮಾತು ಅಂದ್ರೆ ಮಾತು. ಒಬ್ರು ಓದಿದಾರೆ, ನೀವು ಇಲ್ಲೇ ಇರಿ" ಎಂದು ಗೋದಾಮಿನ ಕೈಗೊಂಚಲನ್ನು ನನ್ನ ಮೇಜಿನಿಂದ ಎತ್ತಿಕೊಂಡರು. ನನ್ನ ಎದೆಯಿಂದ ಒಂದು ಮೂಟೆ ಸಿಮೆಂಟು ಇಳಿಯಿತು. ಬಾಗಿಲವರೆಗೆ ಹೋದವರು ತಿರುಗಿ ನಿಂತು, "ಒಂದ್ ಕೆಲ್ಸ ಮಾಡಿ. ಆ ದೋಸೆ ವಿಷ್ಯ ಮೊದಲ್ನೇ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿ. ಮಿಕ್ಕಿದ್ದು ಸ್ವಲ್ಪ ಕಡಿಮೆ ಮಾಡಿ" ಎಂದರು. ಈ ಜನ ನಮ್ಮನ್ನು ಗೆಲ್ಲಲು ಬಿಡುತ್ತಾರೆ, ಆದರೆ ಗೆದ್ದವನ ಮುಖಕ್ಕೆ ಸ್ವಲ್ಪ ಮಸಿ ಹಚ್ಚದೆ ಬಿಡುವುದಿಲ್ಲ.

ತಿಥಿ ಮುಗಿದ ಮಾರನೆಯ ದಿನ ಗಾಂಧಿಬಜಾರಿನಿಂದ ಬಿಸಿ ಮಸಾಲೆ ದೋಸೆ ಕಟ್ಟಿಸಿಕೊಂಡು ನಂಜುಂಡಪ್ಪನವರ ಮನೆಗೆ ಹೋದೆ. ನನ್ನ ಏಕೈಕ ಓದುಗರ ಮುಂದೆ ಹೇಗೆ ನಿಲ್ಲಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಎಲ್ಲಿ ಇಷ್ಟವಾಯಿತು, ಯಾವ ಅಧ್ಯಾಯ ಮನಸ್ಸಿಗೆ ತಾಗಿತು ಎಂದೆಲ್ಲ ಕೇಳಬೇಕೆಂದಿದ್ದೆ. ಮುನಿತಾಯಮ್ಮನವರು ಜಗಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಕಡತ ಊದಿಕೊಂಡು ಬಿದ್ದಿತ್ತು. ದೋಸೆಯ ಪೊಟ್ಟಣವನ್ನು ಅವರು ಮುಟ್ಟಲಿಲ್ಲ. "ನಾನು ಹೋಟ್ಲುದ್ದು ತಿನ್ನಲ್ಲ ಕಣಪ್ಪ. ಮಾತಿಗೆ ನಿಲ್ತೀಯಾ ಇಲ್ವಾ ನೋಡಾಣ ಅಂತ ಫೋನ್ ಮಾಡಿಸ್ದೆ" ಎಂದು ಪೊಟ್ಟಣವನ್ನು ಸೊಸೆಗೆ ಕೊಡಿಸಿದರು. ನಾನು ಸಂಕೋಚದಿಂದ, "ಪುಸ್ತಕ ಹೇಗಿತ್ತಮ್ಮಾ" ಎಂದೆ.

ಅವರು ಕಡತವನ್ನು ಎತ್ತಿ ತೂಕ ನೋಡಿದರು. "ಎಲ್ಲಾ ಒಳ್ಳೇದೇ ಬರ್ದಿದೀಯ. ಸಂಪಿಂದು, ಗ್ಯಾಸಿಂದು, ಮಕ್ಳು ಕೈ ಹಾಕ್ದಂಗೆ ಸ್ವಿಚ್ಚಿಂದು. ಓದ್ತಾ ಓದ್ತಾ ನಂಗೆ ಸಿಟ್ಟು ಬಂತು. ಇಷ್ಟೆಲ್ಲಾ ಗೊತ್ತಿದ್ದೋನು ಒಕ್ಕಲಾದ ದಿನ ನಮ್ ಮನೇಗೇ ಬಂದಿದ್ದೆ. ಬಾಯಲ್ಲಿ ಯಾಕೆ ಹೇಳ್ಲಿಲ್ಲ?"

"ಎಲ್ಲಾ ಅದರಲ್ಲಿ ಬರೆದಿತ್ತಲ್ಲಮ್ಮಾ" ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

"ಬರ್ದಿತ್ತು. ಕುಂಕುಮ ಹಚ್ಚಿ ಒಳಗಿಡ್ರೀ ಅಂತ ತಟ್ಟೇಲಿಟ್ಟು ಕೊಟ್ಟೋರು ಯಾರು, ನಾವಾ? ಜಾತಕ ಅಂದ್ರಿ, ಜಾತಕ ಇಟ್ಟಂಗೆ ಇಟ್ವಿ." ಅವರು ಈಶಾನ್ಯದ ಕಡೆ ಕೈ ತೋರಿಸಿದರು. ತುಳಸಿಕಟ್ಟೆಯ ಒಂದು ಬದಿಯನ್ನು ಒಡೆದು ವಾಲ್ವನ್ನು ಹೊರಗೆ ತೆಗೆದಿದ್ದರು, ಟೈಲ್ಸು ಚೂರಾಗಿ ಬಿದ್ದಿತ್ತು. "ಆ ಕಟ್ಟೆ ಯಾಕೆ ಅಲ್ಲಿ ಕಟ್ಸಿದ್ದು ಗೊತ್ತಾ ನಿಂಗೆ?"

ವಾಸ್ತು ಇರಬೇಕು ಎಂದೆ.

"ವಾಸ್ತು ಅಂತೆ. ಒಕ್ಕಲಾದ ದಿನ ಕಾಂಪೌಂಡೆಲ್ಲಾ ಕೆಸರು. ಅದೊಂದ್ ಮೂಲೇಲಿ ಮಾತ್ರ ಮಟ್ಟವಾಗಿ ಒಂದು ಕಲ್ಲಿತ್ತು. ಅದ್ರ ಮೇಲೆ ನಿಂತ್ಕೊಂಡು ನೀನು ಒಬ್ಬಟ್ಟು ತಿಂತಿದ್ದೆ. ಒಂದಾದ್ಮೇಲೆ ಒಂದು ತಿಂತಾನೇ ಇದ್ದೆ, ಕಲ್ಲು 'ಕದಕ್' ಅನ್ಲಿಲ್ಲ. ಜಾಗ ಗಟ್ಟಿಯಾಗಿದೆ, ತುಳಸಿಕಟ್ಟೆ ಅಲ್ಲೇ ಕಟ್ಸೋಣ ಅಂತ ನಾನೇ ನಂಜಂಗೆ ಹೇಳ್ದೆ."

ನನಗೆ ಎಲ್ಲವೂ ನೆನಪಾಯಿತು. ಕೆಸರಿನಲ್ಲಿ ಹೊಸ ಚಪ್ಪಲಿ ಕೆಡಬಾರದೆಂದು ನಾನೇ ಹುಡುಕಿ ಹತ್ತಿದ್ದ ಕಲ್ಲು ಅದು. ಅದರ ಕೆಳಗೆ ಏನಿದೆ ಎಂದು ಆ ಕಾಂಪೌಂಡಿನಲ್ಲಿದ್ದವರ ಪೈಕಿ ನನಗೊಬ್ಬನಿಗೇ ಗೊತ್ತಿತ್ತು, ಹಿಂದಿನ ವಾರವಷ್ಟೇ ಬರೆದಿದ್ದೆ. ಬಾಯಿ ತುಂಬಿತ್ತು. ಇಷ್ಟು ವರ್ಷ ಪಂಚಾಂಗವನ್ನು, ಕುಂಕುಮವನ್ನು, ವೆಟ್ ಗ್ರೈಂಡರನ್ನು ಬೈದುಕೊಂಡು ಬಂದವನಿಗೆ ಈಗ ಬೈಯಲು ಹೊಸಬರು ಯಾರೂ ಸಿಗಲಿಲ್ಲ. ಮುನಿತಾಯಮ್ಮನವರು ಒಳಗೆ ತಿರುಗಿ ಸೊಸೆಯನ್ನು ಕೂಗಿದರು. ತಿಥಿಯ ಒಬ್ಬಟ್ಟು ಉಳಿದಿತ್ತು. ತಟ್ಟೆ ಬಂತು, ಮೇಲೆ ತುಪ್ಪವೂ ಬಿತ್ತು.

"ತಗೊ" ಎಂದರು. "ಈ ಸಲ ಕೂತ್ಕೊಂಡು ತಿನ್ನು."

ನಾನು ಜಗಲಿಯ ಕಲ್ಲನ್ನು ಒಮ್ಮೆ ಬಗ್ಗಿ ನೋಡಿ ಕೂತೆ.